ಕಾಪಿ ತೋಟದ ಮೇಲೆ ಕೆಂಪು ಗೆರೆ

ಓದುಗರ ಪ್ರಶ್ನೆ, ಮೇಷ್ಟರ ಉತ್ತರ

ಮಕ್ಕಳ ಬರವಣಿಗೆಯ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಕೊಡಗಿನಿಂದ ಬಂದ ಪತ್ರಗಳೇ ಹೆಚ್ಚು, ಅವುಗಳಲ್ಲಿ ಬಹುಪಾಲು ಕಾಗುಣಿತದ ತಪ್ಪುಗಳ ಸುತ್ತ ಇದ್ದುದರಿಂದ ಈ ಬಾರಿಯ ಅಂಕಣವನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಮಕ್ಕಳ ಹಿತದೃಷ್ಟಿಯಿಂದ ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ನಾಪೋಕ್ಲು ಸಮೀಪದ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಾನೆ. ಮನೆಯಲ್ಲಿ ನಾವು ಕೊಡವ ತಕ್ಕ್ ಮಾತನಾಡುತ್ತೇವೆ. ಕತೆ ಹೇಳು ಎಂದರೆ ಕನ್ನಡದಲ್ಲಿಯೂ ಚೆನ್ನಾಗಿ ಹೇಳುತ್ತಾನೆ. ಬರೆಯಲು ಕೂತರೆ ಮಾತ್ರ ಸಾಲಿಗೆ ಎರಡು ತಪ್ಪು. ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ. ಅವನ ಅಪ್ಪ ಪ್ರತಿ ತಪ್ಪನ್ನೂ 20 ಸಲ ಬರೆಸುತ್ತಾರೆ. ಈಚೆಗೆ ತನಗೆ ಖಚಿತವಾಗಿ ಗೊತ್ತಿರುವ ಸಣ್ಣ ಪದಗಳನ್ನಷ್ಟೇ ಬಳಸಿ ನಾಲ್ಕು ಸಾಲು ಬರೆದು ಎದ್ದುಬಿಡುತ್ತಾನೆ. ಹುತ್ತರಿ ಮುಗಿದ ವಾರದಲ್ಲಿ ಅವನು ಬರೆದಿದ್ದ ಪ್ರಬಂಧದ ಒಂದು ಪುಟವನ್ನು ಇದರ ಜೊತೆ ಇಟ್ಟಿದ್ದೇನೆ. ನಾವು ಏನು ಮಾಡಬೇಕು?

ಉತ್ತರ: ನೀವು ಕಳುಹಿಸಿದ ಪುಟವನ್ನು ಕೆಂಪು ಶಾಯಿಯ ಕಡೆ ಗಮನ ಕೊಡದೆ ಒಮ್ಮೆ, ಕೆಂಪು ಶಾಯಿಯನ್ನಷ್ಟೇ ನೋಡುತ್ತ ಇನ್ನೊಮ್ಮೆ ಓದಿದೆ. ಮೊದಲ ಓದಿನಲ್ಲಿ, ಮನೆಯವರೆಲ್ಲ ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದದ್ದು, 'ಪೊಲಿ ಪೊಲಿ ದೇವಾ' ಎಂದು ಕೂಗುತ್ತ ಮರಳುವಾಗ ಇವನ ಕಾಲು ಬದುವಿನಿಂದ ಜಾರಿ ಮೊಣಕಾಲಿನವರೆಗೆ ಕೆಸರಾದದ್ದು, ಆ ಕಾಲನ್ನು ತೊಳೆಯದೆಯೇ ತಂಬಿಟ್ಟಿಗೆ ಕೈ ಹಾಕಿ ಅಜ್ಜಿಯಿಂದ ಬೈಸಿಕೊಂಡದ್ದು ಎಲ್ಲವೂ ಕಣ್ಣಿಗೆ ಕಟ್ಟಿತು. ಇಷ್ಟನ್ನು ಹನ್ನೊಂದು ಸಾಲಿನಲ್ಲಿ ಹೇಳಬಲ್ಲ ಹುಡುಗನನ್ನು ಸೋಮಾರಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಎರಡನೆಯ ಓದಿನಲ್ಲಿ 23 ಕೆಂಪು ಗೆರೆಗಳನ್ನು ಎಣಿಸಿದೆ. 23 ಎಂದ ಕೂಡಲೇ ಹೆತ್ತವರ ಎದೆ ಧಸಕ್ಕೆನ್ನುವುದು ಸಹಜ. ಅವನ್ನು ಅಕ್ಕಿಯಿಂದ ಕಲ್ಲು ಆರಿಸುವಂತೆ ವಿಂಗಡಿಸಿಟ್ಟರೆ ಹಿಂದಿರುವ ಕಾರಣಗಳು ನಾಲ್ಕೈದು ಮಾತ್ರ.

ಎಂಟು ಕಡೆ ಪದದ ಕೊನೆಯ ಉಕಾರ ಬಿಟ್ಟುಹೋಗಿದೆ: ನೀರ್, ಹಾಲ್, ಕಾಲ್, ಕದಿರ್. ಇದು ಅವನ ಮನೆಮಾತಿನ ಕಿವಿ. ನೀವು ನೀರ್, ಪಾಲ್, ಕಾಲ್ ಎನ್ನುವ ಮನೆಯಲ್ಲಿ ಹುಟ್ಟಿದ ಮಗು ನೀರು, ಹಾಲು, ಕಾಲು ಎಂಬ ಕನ್ನಡ ಪದಗಳ ತುದಿಯಲ್ಲಿ ಮೆಲ್ಲಗೆ ಇಳಿಯುವ ಉಕಾರವನ್ನು ಗಮನಿಸದೇ ಇರುವುದು ಸ್ವಾಭಾವಿಕ. ಒಂದು ಕಡೆ 'ಪುತ್ತರಿ' ಎಂದು ಬರೆದದ್ದಕ್ಕೂ ಗೆರೆ ಬಿದ್ದಿದೆ. ಅಲ್ಲಿ ಅವನು ಕನ್ನಡದ ಪದವನ್ನು ತಪ್ಪು ಬರೆದಿಲ್ಲ, ಕೊಡವ ಪದವನ್ನು ಸರಿಯಾಗಿ ಬರೆದಿದ್ದಾನೆ. ಹತ್ತನೆಯ ಶತಮಾನದ ಹಳೆಗನ್ನಡದಲ್ಲಿಯೂ ಹಾಲಿಗೆ ಪಾಲ್, ಹೂವಿಗೆ ಪೂ, ನೀರಿಗೆ ನೀರ್ ಎಂದೇ ಇತ್ತು. ಮುಂದೆ ಕನ್ನಡದ ಪಕಾರ ಹಕಾರವಾಯಿತು, ವ್ಯಂಜನದಲ್ಲಿ ಕೊನೆಗೊಳ್ಳುತ್ತಿದ್ದ ಪದಗಳು ಉಕಾರವನ್ನು ಪಡೆದವು, ಕೊಡವ ತಕ್ಕ್ ಹಳೆಯದನ್ನು ಉಳಿಸಿಕೊಂಡಿತು. ಇದನ್ನು ಹುಡುಗನಿಗೆ ಹೇಳಿ. 'ನಿನ್ನ ಪಾಲ್ ತಪ್ಪಲ್ಲ, ಮನೆಯಲ್ಲಿ ಪಾಲ್, ಪುಸ್ತಕದಲ್ಲಿ ಹಾಲು' ಎಂದು ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ, ಎಡಕ್ಕೆ ಮನೆಯ ಪದ, ಬಲಕ್ಕೆ ಪುಸ್ತಕದ ಪದ ಬರೆಸುತ್ತ ಹೋಗಿ. ಹದಿನೈದು ಜೋಡಿ ಆಗುವಷ್ಟರಲ್ಲಿ ನಿಯಮವನ್ನು ಅವನೇ ನಿಮಗೆ ಹೇಳಿಕೊಡುತ್ತಾನೆ.

ಐದು ಕಡೆ ದೀರ್ಘ ಬಿಟ್ಟಿದ್ದಾನೆ: ತೊಟ, ದಿಪ, ದೆವರು. ಇಲ್ಲಿ ಒಂದು ಪರೀಕ್ಷೆ ಮಾಡಿ. ಕೊಡು–ಕೋಡು, ಬಿಡು–ಬೀಡು, ಹಳೆ–ಹಾಳೆ ಎಂದು ಜೋಡಿಗಳನ್ನು ಹೇಳಿ, ಎರಡೂ ಒಂದೇಯೋ ಬೇರೆಯೋ ಎಂದು ಕೇಳಿ. ಅವನು ಥಟ್ಟನೆ ಬೇರೆ ಎಂದರೆ (ಹೇಳುತ್ತಾನೆಂದೇ ನನ್ನ ಊಹೆ, ಏಕೆಂದರೆ ಕೊಡವ ತಕ್ಕಿನಲ್ಲಿಯೂ ಹ್ರಸ್ವ ದೀರ್ಘಗಳ ಭೇದ ಗಟ್ಟಿಯಾಗಿದೆ) ತೊಂದರೆ ಕಿವಿಯದಲ್ಲ, ಕೈಯದು. ಗುಡಿಸಿನ ದೀರ್ಘ, ಏತ್ವ, ಓತ್ವ ಮೂರಕ್ಕೂ ದೀರ್ಘದ ಗುರುತು ಅಕ್ಷರ ಮುಗಿದ ಮೇಲೆ ಬಲಕ್ಕೆ ಬಾಲದಂತೆ ಅಂಟಿಕೊಳ್ಳುತ್ತದೆ. ಮುಂದಿನ ಅಕ್ಷರಕ್ಕೆ ಹಾರುವ ಅವಸರದಲ್ಲಿ ಕೈ ಅದನ್ನು ಬಿಟ್ಟು ಓಡುತ್ತದೆ. ಇಂಥ ಮಗುವಿಗೆ ಮತ್ತೆ ಮತ್ತೆ ಹೇಳಿ ಬರೆಸಿದರೆ ಪ್ರಯೋಜನ ಕಡಿಮೆ. ಬರೆದು ಮುಗಿದ ಮೇಲೆ ಪೆನ್ಸಿಲ್ ಹಿಡಿದು ಮೊದಲ ಪದದಿಂದ ಕೊನೆಯ ಪದದವರೆಗೆ ದೀರ್ಘಗಳನ್ನು ಮಾತ್ರ ಹುಡುಕಿಕೊಂಡು ಹೋಗುವ ಒಂದು ಸುತ್ತು ಹಾಕಿಸಿ, ಆ ಸುತ್ತಿನಲ್ಲಿ ಬೇರೆ ಯಾವ ತಪ್ಪನ್ನೂ ಎತ್ತಬೇಡಿ.

ಒತ್ತಕ್ಷರದ ತಪ್ಪುಗಳೂ ಐದು. ನಮ್ಮ ಲಿಪಿಯ ಒಂದು ಸೂಕ್ಷ್ಮವನ್ನು ನಾವು ದೊಡ್ಡವರು ಮರೆತೇಬಿಟ್ಟಿದ್ದೇವೆ. 'ಅಜ್ಜಿ' ಎನ್ನುವಾಗ ಬಾಯಿಯಲ್ಲಿ ಎರಡು ಜಕಾರಗಳು ಮುಗಿದ ಮೇಲೆ ಇಕಾರ ಬರುತ್ತದೆ; ಬರೆಯುವಾಗ ಮೊದಲ ಜಕಾರದ ತಲೆಯ ಮೇಲೆಯೇ ಗುಡಿಸು ಕುಳಿತು, ಎರಡನೆಯ ಜಕಾರ ಆಮೇಲೆ ಕೆಳಗೆ ಬರುತ್ತದೆ. 'ಅಜಿ' ಎಂದು ಬರೆದು ನಿಲ್ಲಿಸಿದ ಮಗುವಿನ ಮಟ್ಟಿಗೆ ಪದ ಮುಗಿದಿದೆ, ಇಕಾರ ಬಂದಾಯಿತಲ್ಲ. ಅರ್ಕಾವತ್ತಿನ ಕತೆ ಇದಕ್ಕಿಂತ ವಿಚಿತ್ರ: 'ಸೂರ್ಯ'ದಲ್ಲಿ ರಕಾರ ಕೇಳಿಸುವುದು ಯಕಾರದ ಮೊದಲು, ಬರೆಯುವುದು ಅದರ ನಂತರ. ಆದ್ದರಿಂದ ಒತ್ತು ಇರುವ ಪದವನ್ನು ಕಲಿಸುವಾಗ ಬಿಡಿಸಿ ಹೇಳಿ, ಅಜ್–ಜಿ, ಹಳ್–ಳಿ, ಸೂರ್–ಯ ಎಂದು ಚಪ್ಪಾಳೆ ತಟ್ಟಿಸಿ, ಮೊದಲ ತುಂಡು ವ್ಯಂಜನದಲ್ಲಿ ನಿಂತರೆ ಅಲ್ಲೊಂದು ಒತ್ತು ಇದೆ ಎಂದು ಗುರುತಿಸಲು ಕಲಿಸಿ. ಕತೆ–ಕತ್ತೆ, ಹಳಿ–ಹಳ್ಳಿ, ಎಲೆ–ಎಲ್ಲೆ ಎಂಬ ಜೋಡಿಗಳಿಗೆ ಚಿತ್ರ ಬರೆಸಿದರೆ ಒತ್ತು ಬಿಟ್ಟಾಗ ಏನಾಗುತ್ತದೆಂದು ಬೇರೆ ವಿವರಣೆ ಬೇಕಾಗುವುದಿಲ್ಲ. ಕತ್ತೆ ಕತೆಯಾದದ್ದನ್ನು ಕಂಡು ಮಕ್ಕಳು ನಕ್ಕ ನಗುವನ್ನು ನಾನು ಮೂವತ್ತು ವರ್ಷ ಕೇಳಿದ್ದೇನೆ.

ಮಹಾಪ್ರಾಣದ ಮೂರು ಗೆರೆಗಳಲ್ಲಿ ಒಂದು ಅನ್ಯಾಯದ್ದು: 'ಕತೆ'ಯನ್ನು 'ಕಥೆ' ಎಂದು ತಿದ್ದಲಾಗಿದೆ, ಎರಡೂ ಕನ್ನಡದಲ್ಲಿ ಚಲಾವಣೆಯಲ್ಲಿವೆ. ಉಳಿದವಕ್ಕೆ ಒಂದು ಹೆಗ್ಗುರುತು ಕೊಡುತ್ತೇನೆ. ಮನೆ, ಗದ್ದೆ, ತೋಟ, ಊಟ, ಮಳೆ, ಹೊಳೆ, ಬೆಟ್ಟ, ಕಾಡು, ಎತ್ತು, ಹಸು ಎಂಬಂಥ ಅಚ್ಚಗನ್ನಡದ ನಿತ್ಯದ ಪದಗಳಲ್ಲಿ ಮಹಾಪ್ರಾಣ ಇರುವುದಿಲ್ಲ. ಧರ್ಮ, ಧಾನ್ಯ, ಪಾಠ, ಭಾಷೆ, ವಿದ್ಯಾರ್ಥಿ ಎಂಬಂಥ ಸಂಸ್ಕೃತದಿಂದ ಬಂದ ಪದಗಳಲ್ಲಿ ಇರಬಹುದು. ಕನ್ನಡದ ಪದಗಳು ಣಕಾರ ಳಕಾರಗಳಿಂದ ಆರಂಭವಾಗುವುದಿಲ್ಲ ಎಂಬುದನ್ನೂ ಸೇರಿಸಿ. ಇಂಥ ಒಂದೆರಡು ನಿಯಮಗಳು ನೂರು ಪದಗಳ ಉರುಹೊಡೆತವನ್ನು ತಪ್ಪಿಸುತ್ತವೆ.

ಕೊನೆಯ ಗೆರೆ 'ನಮ್ಮ ಕಾಪಿ ತೋಟ' ಎಂಬುದರ ಮೇಲಿದೆ. ಕೊಡಗಿನಲ್ಲಿ ಬಾಯಿ ತುಂಬ ಕಾಪಿ ಎನ್ನದವರು ಯಾರು? ಪುಸ್ತಕದಲ್ಲಿ ಅದು ಕಾಫಿ. ಫಲದ ಫಕಾರವನ್ನೇ ಇಂಗ್ಲಿಷಿನ ಎಫ್ ಧ್ವನಿಗೂ ನಾವು ಎರವಲು ಕೊಟ್ಟಿದ್ದೇವೆ. ಬರೆಯುವಾಗ ಕಾಫಿ ಎಂದು ಬರೆಯಬೇಕೆಂಬುದನ್ನು ಅವನು ಕಲಿಯಲಿ, ಆದರೆ ಇದು ಕೇಳಿ ತಿಳಿಯುವ ಸಂಗತಿಯಲ್ಲ, ನೋಡಿ ನೆನಪಿಡಬೇಕಾದ ಸಂಗತಿ ಎಂಬುದನ್ನು ನಾವು ಒಪ್ಪಿಕೊಳ್ಳೋಣ.

ಇನ್ನು ಅಪ್ಪನ 20 ಸಲದ ವಿಚಾರ. ನಾನೂ ಒಂದು ಕಾಲದಲ್ಲಿ ಇದನ್ನು ಮಾಡಿದವನೇ. ಆರನೆಯ ತರಗತಿಯ ಒಬ್ಬ ಹುಡುಗಿಗೆ 'ವಿದ್ಯಾರ್ಥಿ' ಎಂದು 50 ಸಲ ಬರೆದು ತರಲು ಹೇಳಿದ್ದೆ. ಮರುದಿನ ಹಾಳೆಯನ್ನು ನೋಡುತ್ತಿದ್ದಾಗ ಶಾಯಿಯ ಬಣ್ಣ ಸಾಲಿನ ಉದ್ದಕ್ಕೆ ಬದಲಾಗದೆ ಕಂಬದ ಉದ್ದಕ್ಕೆ ಬದಲಾಗಿರುವುದು ಕಾಣಿಸಿತು. ಆಕೆ ಮೊದಲು 50 'ವಿ'ಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, ಆಮೇಲೆ 50 'ದ್ಯಾ', ಆಮೇಲೆ 50 'ಥಿ', ಕೊನೆಗೆ ಅರ್ಕಾವತ್ತುಗಳನ್ನು ಮಾಲೆ ಕಟ್ಟುವಂತೆ ಪೋಣಿಸಿದ್ದಳು. ಆ ಪದವನ್ನು ಅವಳು ಒಂದು ಸಲವೂ ಬರೆದಿರಲಿಲ್ಲ. ಹೀಗೆ ಮಾಡದ ಮಗುವೂ ಎರಡನೆಯ ಸಾಲಿನಿಂದ ಮೇಲಿನ ಸಾಲನ್ನು ನೋಡಿ ಇಳಿಸುತ್ತದೆಯೇ ಹೊರತು ನೆನಪಿನಿಂದ ತೆಗೆಯುವುದಿಲ್ಲ, ಮೊದಲ ಸಾಲೇ ತಪ್ಪಾಗಿದ್ದರೆ ತಪ್ಪೇ 20 ಸಲ ಗಟ್ಟಿಯಾಗುತ್ತದೆ.

ಇದರ ಬದಲು ದಿನಕ್ಕೆ ಐದೇ ಪದಗಳನ್ನು ಆರಿಸಿಕೊಳ್ಳಿ, ಐದೂ ಒಂದೇ ಬಗೆಯ ತಪ್ಪಿಗೆ ಸೇರಿದವಾಗಿರಲಿ. ಪದವನ್ನು ಅವನು ನೋಡಲಿ, ಬಿಡಿಸಿ ಹೇಳಲಿ, ಕೈಯಿಂದ ಮುಚ್ಚಲಿ, ನೆನಪಿನಿಂದ ಬರೆಯಲಿ, ಕೈ ತೆಗೆದು ತಾನೇ ಹೋಲಿಸಲಿ. ತಪ್ಪಾದರೆ ಇಡೀ ಪದವನ್ನು ಹೊಡೆದುಹಾಕದೆ ತಪ್ಪಿದ ಗುರುತಿಗೆ ಮಾತ್ರ ಸುತ್ತು ಹಾಕಲಿ. ಅದೇ ಪದಗಳನ್ನು ಮರುದಿನ, ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಕೇಳಿ. ಮರೆಯುವ ಅಂಚಿನಲ್ಲಿರುವಾಗ ನೆನಪಿಸಿಕೊಂಡ ಪದ ಉಳಿಯುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ. ಪ್ರಬಂಧ ಬರೆಯುವ ದಿನ ಮಾತ್ರ ಕಾಗುಣಿತದ ಮಾತೇ ಬೇಡ. ಸಣ್ಣ ಪದಗಳ ಹಿಂದೆ ಅಡಗಿಕೊಳ್ಳಲು ಕಲಿತ ಮಗುವನ್ನು ಹೊರಗೆ ಕರೆಯುವುದು ಕಾಗುಣಿತ ಕಲಿಸುವುದಕ್ಕಿಂತ ಕಷ್ಟದ ಕೆಲಸ.

ಪ್ರಶ್ನೆ: ನಾನು ಸಿದ್ದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ). ಸಂಜೆ ಕಾರ್ಮಿಕರ ಲೈನ್ ಮನೆಗಳ ಹತ್ತು ಹನ್ನೆರಡು ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಕೆಲವರ ಮನೆಮಾತು ತಮಿಳು, ಕೆಲವರದು ಮಲಯಾಳ, ಇಬ್ಬರು ಅಸ್ಸಾಮಿನಿಂದ ಬಂದವರ ಮಕ್ಕಳು. ತಮಿಳಿನ ಮಕ್ಕಳು ಗಕಾರಕ್ಕೆ ಕಕಾರ, ದಕಾರಕ್ಕೆ ತಕಾರ ಬರೆಯುತ್ತಾರೆ. ಅಸ್ಸಾಮಿನವರು ಹ್ರಸ್ವ ದೀರ್ಘ ಎಲ್ಲವನ್ನೂ ಕಲಸುತ್ತಾರೆ. ಇವರಿಗೆಲ್ಲ ಕಲಿಕೆಯ ತೊಂದರೆ ಇದೆ ಎಂದು ಭಾವಿಸಬೇಕೆ?

ಉತ್ತರ: ಖಂಡಿತ ಬೇಡ. ಒಂದೇ ಮನೆಮಾತಿನ ಮಕ್ಕಳೆಲ್ಲರೂ ಒಂದೇ ತಪ್ಪನ್ನು ಮಾಡುತ್ತಿದ್ದರೆ ಅದು ಮಗುವಿನ ತೊಂದರೆಯಲ್ಲ, ಎರಡು ಭಾಷೆಗಳ ನಡುವಿನ ಅಂತರ. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ಪದದಲ್ಲಿ ಅದು ನಿಂತ ಜಾಗದಿಂದ ಉಚ್ಚಾರ ನಿರ್ಧಾರವಾಗುತ್ತದೆ. ಅಸ್ಸಾಮಿ ಬರಹದಲ್ಲಿ ಹ್ರಸ್ವ ದೀರ್ಘಗಳಿಗೆ ಬೇರೆ ಗುರುತುಗಳಿದ್ದರೂ ಮಾತಿನಲ್ಲಿ ಆ ಭೇದ ಉಳಿದಿಲ್ಲ. ಆ ಮಕ್ಕಳಿಗೆ ನೀವು 'ಬಿಡು' 'ಬೀಡು' ಎಂದು ಎಷ್ಟು ಸಲ ಕೂಗಿ ಹೇಳಿದರೂ ಅವರ ಕಿವಿಗೆ ಬೀಳುವುದು ಒಂದೇ ಪದ. ನಾಪೋಕ್ಲಿನ ಹುಡುಗನಿಗೆ ಕೈಯ ಅಭ್ಯಾಸ ಬೇಕಿತ್ತು. ಇವರಿಗೆ ಮೊದಲು ಕಿವಿಯ ಅಭ್ಯಾಸ ಬೇಕು, ಬರವಣಿಗೆ ಆಮೇಲೆ.

ಕಿವಿಗೆ ಕೈಯ ಸಹಾಯ ಕೊಡಿ. ಕುತ್ತಿಗೆಯ ಮೇಲೆ ಅಂಗೈ ಇಟ್ಟುಕೊಂಡು ಸ್ವರ ಸೇರಿಸದೆ 'ಕ್', 'ಗ್' ಎಂದು ಹೇಳಿಸಿದರೆ ಗಕಾರದಲ್ಲಿ ಗಂಟಲು ನಡುಗುವುದು ಅಂಗೈಗೆ ತಿಳಿಯುತ್ತದೆ. ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದು 'ಕ' 'ಖ' ಎಂದರೆ ಮಹಾಪ್ರಾಣಕ್ಕೆ ಕಾಗದ ಹಾರುತ್ತದೆ. ದೀರ್ಘಕ್ಕೆ ಒಂದು ದಾರವನ್ನು ಎರಡೂ ಕೈಯಲ್ಲಿ ಹಿಡಿಸಿ, ಸ್ವರ ಎಳೆದಷ್ಟು ಹೊತ್ತು ದಾರ ಎಳೆಯಲು ಹೇಳಿ. ಇದನ್ನು ವಾರವಿಡೀ ಆಟವಾಗಿ ಆಡಿಸಿ, ನೀವು ಹೇಳಿದ್ದು ಯಾವುದೆಂದು ಹತ್ತಕ್ಕೆ ಎಂಟು ಸಲ ಸರಿಯಾಗಿ ಗುರುತಿಸುವವರೆಗೆ ಪೆನ್ಸಿಲ್ ಕೊಡಬೇಡಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು, ಸಿಟ್ಟಾಗಬೇಡಿ: ಹೇಳಿಕೊಡುವ ನಾವೇ ದನ, ಧನ ಎರಡನ್ನೂ ಒಂದೇ ರೀತಿ ಉಚ್ಚರಿಸಿದರೆ ಉಕ್ತಲೇಖನವೆಂಬುದು ಊಹೆಯ ಆಟವಾಗುತ್ತದೆ. ಪಾಠಕ್ಕೆ ಮೊದಲು ನಿಮ್ಮ ತುಟಿಯ ಮುಂದೆಯೂ ಆ ಕಾಗದವನ್ನು ಹಿಡಿದು ನೋಡಿಕೊಳ್ಳಿ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ದೊಡ್ಡ ಮಕ್ಕಳು ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿಯುತ್ತಾರೆಂದು ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ಮೂರು ತಿಂಗಳ ಅಂತರವನ್ನು ಬುದ್ಧಿಯ ಲೆಕ್ಕಕ್ಕೆ ಬರೆಯಬಾರದು. ಒತ್ತಕ್ಷರಗಳು ಕಲಿಸಲ್ಪಡುವ ದಿನಗಳಲ್ಲೇ ಮಗು ಶಾಲೆಯಲ್ಲಿರದಿದ್ದರೆ ಅದಕ್ಕೆ ಒತ್ತಕ್ಷರ ಬಾರದು, ಅಷ್ಟೇ.

ಪ್ರಶ್ನೆ: ನನ್ನ ಮಗಳು ಕುಶಾಲನಗರದಲ್ಲಿ ಇಂಗ್ಲಿಷ್ ಮಾಧ್ಯಮದ ಆರನೆಯ ತರಗತಿಯಲ್ಲಿದ್ದಾಳೆ. ಕನ್ನಡ ಬರವಣಿಗೆ ಪರವಾಗಿಲ್ಲ, ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ತಲೆಗೆ ಹತ್ತುವುದಿಲ್ಲ. ರಾತ್ರಿಯೆಲ್ಲ ಅಕ್ಷರಗಳನ್ನು ಉರು ಹೊಡೆಯುತ್ತಾಳೆ, ಬೆಳಿಗ್ಗೆ ಮರೆಯುತ್ತಾಳೆ.

ಉತ್ತರ: ನಿಮ್ಮ ಮಗಳು ಕನ್ನಡವನ್ನು ಸರಿಯಾಗಿ ಬರೆಯುವುದೇ ಇಲ್ಲಿ ಅವಳ ಕಾಲಿಗೆ ತೊಡಕಾಗಿರಬಹುದು. ಕೇಳಿದಂತೆ ಬರೆ ಎಂದು ಕನ್ನಡ ಅವಳಿಗೆ ಕಲಿಸಿದೆ. ಇಂಗ್ಲಿಷ್ ಆ ಮಾತಿಗೆ ನಿಲ್ಲುವುದಿಲ್ಲ. ಅಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಕೆಲಸ ಮಾಡಬೇಕು. ಜೊತೆಗೆ ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಪದಗಳ ಬರಹರೂಪ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು, ಉಚ್ಚಾರ ಮಾತ್ರ ತನ್ನ ಪಾಡಿಗೆ ಬದಲಾಗುತ್ತಲೇ ಇತ್ತು. 'ನೈಫ್' ಪದದ ಮೊದಲ ಕೆ, 'ನೈಟ್' ಪದದ ನಡುವಿನ ಜಿ ಮತ್ತು ಎಚ್ ಒಂದು ಕಾಲದಲ್ಲಿ ಜನರ ಬಾಯಲ್ಲಿ ಕೇಳಿಸುತ್ತಿದ್ದ ಧ್ವನಿಗಳು. ಮಾತಿನಿಂದ ಅವು ಹೋದವು, ಬರಹದಲ್ಲಿ ಉಳಿದವು. ಇದನ್ನು ಹೇಳಿದರೆ ಆರನೆಯ ತರಗತಿಯ ಮಗುವಿಗೆ ಅರ್ಥವಾಗುತ್ತದೆ, ತನ್ನ ತಲೆಯಲ್ಲಿ ದೋಷವಿಲ್ಲ ಎಂಬ ಸಮಾಧಾನವೂ ಆಗುತ್ತದೆ.

ಎನ್–ಐ–ಜಿ–ಎಚ್–ಟಿ ಎಂದು ಅಕ್ಷರಗಳ ಹೆಸರನ್ನು ಉರು ಹೊಡೆಯುವುದು ಫೋನ್ ನಂಬರ್ ಉರು ಹೊಡೆದಂತೆ. ಅದರ ಬದಲು ನೈಟ್, ಲೈಟ್, ರೈಟ್, ಫೈಟ್ ಎಂಬ ಒಂದು ಮನೆತನದ ಪದಗಳನ್ನು ಒಟ್ಟಿಗೆ ಬರೆಸಿದರೆ, ಕೊನೆಯ ನಾಲ್ಕು ಅಕ್ಷರಗಳು ಒಂದೇ ಗಂಟಾಗಿ ನೆನಪಿಗೆ ಹೋಗುತ್ತವೆ. ಅರ್ಥದ ನಂಟನ್ನೂ ಬಳಸಿ: 'ಸೈನ್' ಎನ್ನುವಾಗ ಜಿ ಕೇಳಿಸುವುದಿಲ್ಲ, 'ಸಿಗ್ನೇಚರ್' ಎನ್ನುವಾಗ ಕೇಳಿಸುತ್ತದೆ, ಸಹಿ ಹಾಕುವುದಕ್ಕೂ ಸಹಿಗೂ ಇರುವ ನಂಟನ್ನು ಬಲ್ಲ ಮಗು ಆ ಜಿಯನ್ನು ಬಿಡುವುದಿಲ್ಲ. ನಮ್ಮ ಊರಿನ ಉಚ್ಚಾರವೂ ಕೆಲವೊಮ್ಮೆ ಉಪಕಾರಿ. ಆಂಗ್ಲರು ನುಂಗುವ ಅಕ್ಷರಗಳನ್ನು ನಾವು ವೆಡ್ನೆಸ್ ಡೇ, ಬಾಂಬ್ ಎಂದು ಬಿಡದೆ ಉಚ್ಚರಿಸುತ್ತೇವೆ. ಬರೆಯುವಾಗ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳಲಿ.

ಕನ್ನಡದ ಮಕ್ಕಳು ಹೆಚ್ಚು ಎಡವುವ ಜಾಗ ಜೋಡಿ ಅಕ್ಷರ. ನಮ್ಮಲ್ಲಿ ಅಕ್ಷರ ಇಮ್ಮಡಿಯಾದರೆ ಒತ್ತು ಕೇಳಿಸಲೇಬೇಕು. 'ಕಾಫಿ'ಗೆ ಇಂಗ್ಲಿಷಿನಲ್ಲಿ ಎರಡು ಎಫ್, ಎರಡು ಇ. ನಾವಾಗಲಿ ಅವರಾಗಲಿ ಅದನ್ನು 'ಕಾಫ್ಫಿ' ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ಇಮ್ಮಡಿ ಅಕ್ಷರದ ಕೆಲಸ ಬಹಳ ಸಲ ಹಿಂದಿನ ಸ್ವರವನ್ನು ಗಿಡ್ಡವಾಗಿ ಹಿಡಿದಿಡುವುದು. 'ಡೈನಿಂಗ್' ಪದದಲ್ಲಿ ಮೊದಲ ಸ್ವರದ ನಂತರ ಒಂದೇ ಎನ್, 'ಡಿನ್ನರ್' ಪದದಲ್ಲಿ ಎರಡು. 'ಹೋಪಿಂಗ್' ಒಂದು ಪಿ, 'ಹಾಪಿಂಗ್' ಎರಡು. ಈ ಒಂದು ಸೂತ್ರ ಹಿಡಿದು ಅವಳ ಪಾಠಪುಸ್ತಕದ ನಾಲ್ಕು ಪುಟಗಳಲ್ಲಿ ಜೋಡಿ ಅಕ್ಷರಗಳನ್ನು ಬೇಟೆಯಾಡಲು ಹೇಳಿ. ಅಪವಾದಗಳು ಸಿಗುತ್ತವೆ, ಸಿಗಲಿ. ಅವನ್ನು ಬೇರೆ ಪಟ್ಟಿ ಮಾಡಿಕೊಂಡರೆ ಉರು ಹೊಡೆಯಬೇಕಾದದ್ದು ಆ ಪಟ್ಟಿ ಮಾತ್ರ.

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಅಜ್ಜಿ. ಐದನೆಯ ತರಗತಿಯ ಮೊಮ್ಮಗನಿಗೆ ಬರೆಯುವುದಿರಲಿ, ಓದುವುದೂ ಕಷ್ಟ. ಬ, ಭ, ದ, ಧ ಎಲ್ಲ ಅದಲುಬದಲು. ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ರೀತಿ ಬರೆಯುತ್ತಾನೆ. ಬಾಯಿಲೆಕ್ಕದಲ್ಲಿ ಚುರುಕು, ಕೆಟ್ಟ ಟಾರ್ಚ್ ಬಿಚ್ಚಿ ಸರಿಮಾಡುತ್ತಾನೆ. ಅವನ ಸೋದರಮಾವನೂ ಹೀಗೆಯೇ ಇದ್ದ, ಓದು ಬಿಟ್ಟ. ತಪ್ಪು ಓದಿದಾಗ ಶಾಲೆಯಲ್ಲಿ ಬಾಗಿಲ ಹೊರಗೆ ನಿಲ್ಲಿಸುತ್ತಾರಂತೆ. ಕಣ್ಣಿನ ದೋಷವೇ, ಟಾನಿಕ್ ಕೊಡಿಸಬೇಕೇ?

ಉತ್ತರ: ಅಮ್ಮ, ಈ ಕಂತೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟ ಪತ್ರ ನಿಮ್ಮದು. ಮೇಲಿನ ಮೂರು ಪ್ರಶ್ನೆಗಳಿಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿನ ತಪ್ಪುಗಳಲ್ಲಿ ಒಂದು ಕ್ರಮವಿತ್ತು, ಒಂದೇ ತಪ್ಪು ಒಂದೇ ರೀತಿ ಮರಳಿ ಬರುತ್ತಿತ್ತು. ಒಂದೇ ಪದ ಒಂದೇ ಪುಟದಲ್ಲಿ ಮೂರು ರೂಪ ತಾಳುವುದು, ಐದನೆಯ ತರಗತಿಯಲ್ಲಿಯೂ ಓದು ತಡವರಿಸುವುದು, ಮಾತು ಮತ್ತು ಲೆಕ್ಕದಲ್ಲಿ ಚುರುಕಿರುವುದು, ಕುಟುಂಬದಲ್ಲಿ ಇನ್ನೊಬ್ಬರಿಗೆ ಹೀಗೆಯೇ ಇದ್ದದ್ದು, ಇವೆಲ್ಲ ಒಟ್ಟಿಗೆ ಕಂಡಾಗ ಡಿಸ್ಲೆಕ್ಸಿಯಾ ಎಂಬ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷಿಸಬೇಕು. ಪತ್ರ ಓದಿ ನಾನು ಇದೇ ಎಂದು ಹೇಳಲಾರೆ, ಹೇಳುವವರನ್ನು ನೀವು ನಂಬಲೂಬಾರದು.

ಮೊದಲು ಕಣ್ಣು ಮತ್ತು ಕಿವಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿಯವರೆಗೆ ಕಾಯದೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ತೋರಿಸಬಹುದು. ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವ ಕೆಲಸ ಮಿದುಳಿಗೆ ಪ್ರಯಾಸವಾಗುವ ಸ್ಥಿತಿ. ಆದರೆ ಕನ್ನಡಕ ಬೇಕಾದ ಮಗುವಿಗೆ ಮತ್ತೊಂದು ಹೆಸರು ಅಂಟಿಸಬಾರದಲ್ಲ, ಅದಕ್ಕಾಗಿ ಮೊದಲು ಅದನ್ನು ನೋಡಬೇಕು. ಅದಾದ ಮೇಲೆ ಕಲಿಕಾ ನ್ಯೂನತೆಯ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಹೋಗುವಾಗ ಅವನ ಎರಡು ವರ್ಷದ ನೋಟುಪುಸ್ತಕಗಳನ್ನು ತಪ್ಪದೆ ಕೊಂಡೊಯ್ಯಿರಿ, ಪರೀಕ್ಷೆ ಅವನು ಕಲಿಯುತ್ತಿರುವ ಭಾಷೆಯಲ್ಲೇ ನಡೆಯಲಿ ಎಂದು ಕೇಳಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಮೊದಲೇ ಕಂಡರೆ ದಾರಿ ಸುಲಭವಾಗುತ್ತದೆ.

ಟಾನಿಕ್ ಬೇಡ. ಇದಕ್ಕೆ ಔಷಧಿ ಇಲ್ಲ, ಕಲಿಸುವ ಕ್ರಮವೇ ಚಿಕಿತ್ಸೆ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ನಾವು ಹಗುರವಾಗಿ ಹೇಳುತ್ತೇವೆ, ಆದರೆ 34 ವ್ಯಂಜನಗಳಿಗೆ ತಲಕಟ್ಟಿನಿಂದ ಔತ್ವದವರೆಗೆ 13 ರೂಪಗಳನ್ನು ಲೆಕ್ಕ ಹಾಕಿದರೆ ಗುಣಿತಾಕ್ಷರಗಳೇ 442, ಒತ್ತಕ್ಷರಗಳು ಬೇರೆ. ತೊಂದರೆಯಿಲ್ಲದ ಮಗುವಿಗೂ ಇದು ಕೈವಶವಾಗಲು ನಾಲ್ಕೈದು ವರ್ಷ ಬೇಕು. ನಿಮ್ಮ ಮೊಮ್ಮಗನಿಗೆ ಇದನ್ನು ಅತಿ ಸಣ್ಣ ತುತ್ತುಗಳಲ್ಲಿ ಕೊಡಬೇಕು. ಬ ಮತ್ತು ಭ ಎರಡನ್ನೂ ಒಂದೇ ದಿನ ಕಲಿಸಬೇಡಿ. ಬ ಗಟ್ಟಿಯಾಗಿ ಎರಡು ವಾರ ಕಳೆದ ಮೇಲೆ ಭ ಬರಲಿ, ಭಕಾರದ ಹೊಟ್ಟೆಯ ಕೆಳಗಿನ ಸೀಳನ್ನು ಬೇರೆ ಬಣ್ಣದಲ್ಲಿ ಬರೆಸಿ. ಮೊರದಲ್ಲಿ ರಾಗಿ ಹರಡಿ, ಅಕ್ಷರದ ಧ್ವನಿಯನ್ನು ಬಾಯಿಯಲ್ಲಿ ಹೇಳುತ್ತ ಬೆರಳಿನಿಂದ ಬರೆಯಲಿ. ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಒಟ್ಟಿಗೆ ದುಡಿದರೆ ನೆನಪು ನಿಲ್ಲುತ್ತದೆ. ಜುಲೈ ತಿಂಗಳ ಮಳೆ ರಜೆಗಳು ನಿಮಗೆ ಒಳ್ಳೆಯ ಅವಕಾಶ: ಒಲೆಯ ಪಕ್ಕ ಕೂತು ನೀವು ಒಂದು ಸಾಲು ಓದಿ, ಅದೇ ಸಾಲನ್ನು ಅವನು ನಿಮ್ಮ ದನಿಯ ಜೊತೆಗೇ ಓದಲಿ. ಪಾಠದ ಸಂಗತಿಗಳನ್ನು ಬಾಯಿಯಲ್ಲಿ ಹೇಳಿ ಮುಗಿಸಿ, ವಿಜ್ಞಾನ ತಿಳಿಯಲು ಅವನು ಕಾಗುಣಿತ ಕಲಿಯುವವರೆಗೆ ಕಾಯಬೇಕಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ದೊರೆತರೆ ಮುಂದೆ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಬೇರೆಯವರಿಂದ ಬರೆಸುವ ಅನುಕೂಲಗಳನ್ನು ಕೇಳಬಹುದು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಬಾಗಿಲ ಹೊರಗೆ ನಿಲ್ಲಿಸುವ ವಿಚಾರಕ್ಕೆ ಇಷ್ಟೇ ಹೇಳುತ್ತೇನೆ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. ಮುಖ್ಯೋಪಾಧ್ಯಾಯರನ್ನು ಕಂಡು ಜಗಳವಾಡದೆ ಇದನ್ನು ತಿಳಿಸಿ, ಜೊತೆಗೆ ಅವನು ಸರಿಮಾಡಿದ ಟಾರ್ಚನ್ನೂ ಕೊಂಡುಹೋಗಿ ತೋರಿಸಿ. ಅವನ ಸೋದರಮಾವನಿಗೆ ಯಾರೂ ಇಂಥ ಪರೀಕ್ಷೆ ಮಾಡಿಸಲಿಲ್ಲ ಎಂಬ ನಿಮ್ಮ ಕೊರಗನ್ನು ಓದಿದೆ. ಆಗ ನಮ್ಮಂಥ ಮೇಷ್ಟರುಗಳಿಗೂ ಇದು ಗೊತ್ತಿರಲಿಲ್ಲ, ನಾವೂ ಅಂಥವರನ್ನು ದಡ್ಡರೆಂದೇ ಕರೆದೆವು.

ಪ್ರಶ್ನೆ: ಪೊನ್ನಂಪೇಟೆ ಕಡೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿಯಾಗಿದ್ದೇನೆ. ಉತ್ತರ ಸರಿಯಿದ್ದು ಅಕ್ಷರ ತಪ್ಪಿದ್ದರೆ ಅಂಕ ಕಳೆಯಬೇಕೇ?

ಉತ್ತರ: ಕಳೆಯಬೇಡಿ. ತಪ್ಪಿದ ಪದದ ಸರಿರೂಪವನ್ನು ಅಂಚಿನಲ್ಲಿ, ಸಾಧ್ಯವಾದರೆ ಪೆನ್ಸಿಲಿನಲ್ಲಿ ಬರೆದುಕೊಡಿ, ಉತ್ತರಪತ್ರಿಕೆಗೆ ಮೂರು ಪದಗಳಿಗಿಂತ ಹೆಚ್ಚು ಬೇಡ. ನಿಮ್ಮ ವಿಷಯದ ಕಠಿಣ ಪದಗಳನ್ನು, ಸಂವಿಧಾನ, ಸಾಮ್ರಾಜ್ಯ, ಅರ್ಥವ್ಯವಸ್ಥೆಯಂಥವನ್ನು, ಪಾಠ ಮುಗಿಯುವವರೆಗೆ ಹಲಗೆಯ ಒಂದು ಮೂಲೆಯಲ್ಲಿ ಅಳಿಸದೆ ಬಿಡಿ. ಒಮ್ಮೆ ಮಕ್ಕಳನ್ನು ವಿರಾಜಪೇಟೆಯ ಪೇಟೆಬೀದಿಗೆ ಕರೆದೊಯ್ದು ಅಂಗಡಿಗಳ ನಾಮಫಲಕಗಳಲ್ಲಿ ತಪ್ಪು ಹುಡುಕಿಸಿ. ತಮ್ಮ ತಪ್ಪು ಹುಡುಕಲು ಒಲ್ಲದವರೂ ಊರಿನವರ ತಪ್ಪು ಹುಡುಕಲು ತುದಿಗಾಲಲ್ಲಿ ನಿಲ್ಲುತ್ತಾರೆ. ಆಗ ಒಬ್ಬಳಾದರೂ ಖಂಡಿತ ಕೇಳುತ್ತಾಳೆ, ಒಂದು ಫಲಕದಲ್ಲಿ ವಿರಾಜಪೇಟೆ, ಇನ್ನೊಂದರಲ್ಲಿ ವೀರಾಜಪೇಟೆ ಎಂದಿದೆ, ಯಾವುದು ಸರಿ ಟೀಚರ್ ಎಂದು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಊರಿದು, ಅವನ ಹೆಸರಿನ ದೀರ್ಘ ಜನರ ಬಾಯಲ್ಲಿ ಸವೆದು ಹ್ರಸ್ವವಾಗಿದೆ ಎಂದು ಇತಿಹಾಸದ ಪಾಠವನ್ನು ಅಲ್ಲೇ ಮುಗಿಸಿ, ಮರಳಿ ಬಂದ ಮೇಲೆ ಎರಡನ್ನೂ ಹಲಗೆಯ ಮೇಲೆ ಬರೆಯಿರಿ.